ಮೇಜಿನ ಮೇಲಿನ ರೈಲುದಾರಿ

ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಬೊಂಬೆಗಳ ಮೆಟ್ಟಿಲ ಕೆಳಗೆ ಮಕ್ಕಳ ಪಾಲಿಗೆಂದು ಒಂದಿಷ್ಟು ನೆಲ ಬಿಟ್ಟಿರುವುದುಂಟು. ಅಲ್ಲಿ ರಾಗಿ ಮೊಳಕೆಯ ಹೊಲ, ಕನ್ನಡಿಯ ಚೂರಿನ ಕೆರೆ, ಮಣ್ಣಿನ ಬೆಟ್ಟ, ಬೆಟ್ಟದ ಮೇಲೊಂದು ಗುಡಿ. ಇವೆಲ್ಲದರ ಸುತ್ತ ಕೀಲಿ ಕೊಟ್ಟರೆ ಓಡುವ ಒಂದು ತಗಡಿನ ರೈಲು. ನೋಡಲು ಬಂದ ದೊಡ್ಡವರು ಪಟ್ಟದ ಬೊಂಬೆಗಳಿಗೆ ಕೈಮುಗಿದು, ಸುಂಡಲು ಕೈಗೆ ಬರುವವರೆಗೂ ಕಣ್ಣಿಟ್ಟು ನೋಡುವುದು ಮಾತ್ರ ಆ ರೈಲನ್ನೇ! ಚಿಕ್ಕದರಲ್ಲಿ ದೊಡ್ಡದನ್ನು ಕಾಣುವ ಈ ಸಂತೋಷ ಮಕ್ಕಳಿಗಷ್ಟೇ ಮೀಸಲಲ್ಲ. ಆನೆಯನ್ನು ಕನ್ನಡಿಯಲ್ಲಿ ತೋರಿಸಿದಂತೆ ಎಂಬ ಮಾತು ನಮ್ಮಲ್ಲಿ ಹಳೆಯದು.

ಪಾಶ್ಚಾತ್ಯ ದೇಶಗಳಲ್ಲಿ, ಅದರಲ್ಲಿಯೂ ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ, ಇದೇ ಸಂತೋಷವನ್ನು ಹಿಡಿದು ಬೆಳೆಸಿ ಒಂದು ಶಾಸ್ತ್ರವನ್ನೇ ಮಾಡಿದ್ದಾರೆ. ಅಲ್ಲಿ ವಕೀಲರು, ವೈದ್ಯರು, ಪಾದ್ರಿಗಳು, ಕೂಲಿಕಾರರು, ನಿವೃತ್ತರಾದ ಅಧಿಕಾರಿಗಳು ಮನೆಯ ಅಟ್ಟದಲ್ಲಿಯೋ ಹಿತ್ತಿಲ ಕೊಟ್ಟಿಗೆಯಲ್ಲಿಯೋ ಕಿರಿಯ ರೈಲುದಾರಿಯೊಂದನ್ನು ಕಟ್ಟಿ, ವೇಳಾಪಟ್ಟಿ ಬರೆದು, ಅದರಂತೆ ನಡೆಸುತ್ತಾರೆ. ಇದು ಆಟವೇ ಎಂದರೆ ಆಟ. ಆದರೆ ಆಟದ ರೈಲಿಗೂ ಮಾದರಿ ರೈಲಿಗೂ ಅಂತರವುಂಟು. ಆಟದ ರೈಲು ಓಡಿದರೆ ಸಾಕು. ಮಾದರಿ ರೈಲು ನಿಜವಾದ ಯಾವುದೋ ಒಂದು ರೈಲಿನಂತೆ, ಅದರ ಅಳತೆಗೆ ತಕ್ಕಂತೆ, ಅದು ಓಡಿದ ಕಾರಣಕ್ಕಾಗಿಯೇ ಓಡಬೇಕು. ಈ ಮೂರು ಮಾತುಗಳನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಅಳತೆಯ ಮಾತು

ಜರ್ಮನಿಯ ಗ್ಯೋಪಿಂಗೆನ್ ಊರಿನ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಆಟದ ರೈಲುಗಳನ್ನು ಪ್ರದರ್ಶಿಸಿದಾಗ ಅವುಗಳ ಕಂಬಿಗಳ ಅಗಲಕ್ಕೆ ಸಂಖ್ಯೆಗಳನ್ನು ಗೊತ್ತುಮಾಡಿತು. ಅಲ್ಲಿಯವರೆಗೆ ಒಬ್ಬನ ಎಂಜಿನ್ ಇನ್ನೊಬ್ಬನ ಹಳಿಗೆ ಕೂರುತ್ತಿರಲಿಲ್ಲ. ಆ ಮೇಲೆ ಒಂದನೆಯ ಅಳತೆಗಿಂತ ಚಿಕ್ಕದು ಬಂದಾಗ ಅದಕ್ಕೆ ಸೊನ್ನೆ ಎಂದು ಹೆಸರಾಯಿತು. ಅದರ ಅಗಲ 32 ಮಿಲಿಮೀಟರು. ಅದಕ್ಕೂ ಅರ್ಧ ಚಿಕ್ಕದು ಬಂದಾಗ ‘ಅರ್ಧ ಸೊನ್ನೆ’ ಎಂಬರ್ಥದಲ್ಲಿ ‘ಎಚ್‌ಓ’ ಎಂದರು. ಅದರ ಅಗಲ ಹದಿನಾರೂವರೆ ಮಿಲಿಮೀಟರು. ಸೊನ್ನೆಯನ್ನು ಅರ್ಧ ಮಾಡಿದರೆ ಎಷ್ಟೆಂದು ಗಣಿತದ ಮೇಷ್ಟರು ಕೇಳಿಯಾರು. ರೈಲಿನವರಿಗೆ ಆ ಚಿಂತೆಯಿಲ್ಲ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಮೆಕ್ಯಾನೋ ಆಟಿಕೆಗೆ ಪೇಟೆಂಟ್ ಪಡೆದವನು. ಅವನ ಸಂಸ್ಥೆ 1920ರಲ್ಲಿ ರೈಲುಗಳನ್ನೂ 1938ರಲ್ಲಿ ಈ ಅರ್ಧ ಅಳತೆಯ ‘ಡಬ್ಲೋ’ ರೈಲುಗಳನ್ನೂ ಮಾರಾಟಕ್ಕೆ ತಂದಿತು. ಅದಕ್ಕಿಂತ ಚಿಕ್ಕದಾದ 9 ಮಿಲಿಮೀಟರಿನ ‘ಎನ್’ ಅಳತೆ 1960ರ ದಶಕದಲ್ಲಿ ಬಂದಿತು. 1972ರಲ್ಲಿ ಮಾರ್ಕ್ಲಿನ್ನರೇ ಆರೂವರೆ ಮಿಲಿಮೀಟರಿನ ‘ಝಡ್’ ತಂದರು. ಝಡ್ ಅಳತೆಯ ಎಂಜಿನ್ ಕಿರುಬೆರಳ ಗಾತ್ರ.

ಇಲ್ಲಿ ಒಂದು ವಿನೋದದ ಸಂಗತಿಯಿದೆ. ಬ್ರಿಟನ್ನಿನ ನಿಜವಾದ ಎಂಜಿನ್ನುಗಳು ಯೂರೋಪಿನವುಗಳಿಗಿಂತ ಕುಳ್ಳು, ತೆಳುವು. ಅಂದಿನ ಮೋಟಾರುಗಳು ಅಷ್ಟು ಕಿರಿದಾದ ಮೈಯೊಳಗೆ ಹಿಡಿಯುತ್ತಿರಲಿಲ್ಲ. ಆದುದರಿಂದ ಬ್ರಿಟಿಷರು ಹಳಿಯನ್ನು ಹಾಗೆಯೇ ಉಳಿಸಿಕೊಂಡು ಗಾಡಿಯ ಮೈಯನ್ನು ಮಾತ್ರ ದೊಡ್ಡದು ಮಾಡಿದರು. ಒಂದು ಅಡಿಗೆ ಮೂರೂವರೆ ಮಿಲಿಮೀಟರು ಇದ್ದದ್ದು 4 ಮಿಲಿಮೀಟರು ಆಯಿತು; ಅಂದರೆ 87ರಲ್ಲಿ ಒಂದು ಪಾಲು ಎಂಬುದು 76ರಲ್ಲಿ ಒಂದು ಪಾಲಾಯಿತು. ಇದರ ಫಲವಾಗಿ, 4 ಅಡಿ ಎಂಟೂವರೆ ಅಂಗುಲದ ಹಳಿಯ ಮೇಲೆ ಓಡಬೇಕಾದ ಗಾಡಿ ಲೆಕ್ಕದಲ್ಲಿ 4 ಅಡಿ ಒಂದೂವರೆ ಅಂಗುಲದ ಹಳಿಯ ಮೇಲೆ ಓಡುತ್ತದೆ. ಏಳು ಅಂಗುಲದ ಈ ಮೋಸ ಬಹುಜನರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬಿದ್ದವರಿಗೆ ಮಾತ್ರ ನಿದ್ದೆ ಬಾರದು! ಅಂಥವರು ಸೇರಿ 18.83 ಮಿಲಿಮೀಟರಿನ ಕರಾರುವಾಕ್ಕಾದ ಹಳಿಯನ್ನು ತಾವೇ ಹಾಕಿಕೊಂಡರು.

ಅಳತೆ ಎಂದರೆ ಬರಿಯ ಉದ್ದವಲ್ಲ. ಉದ್ದ 76ರಲ್ಲಿ ಒಂದು ಪಾಲಾದರೆ ಘನ, ಅಂದರೆ ತೂಕ, ಸುಮಾರು ನಾಲ್ಕು ಲಕ್ಷ ನಲವತ್ತು ಸಾವಿರದಲ್ಲಿ ಒಂದು ಪಾಲಾಗುತ್ತದೆ. ನೂರು ಟನ್ನಿನ ಎಂಜಿನ್ ಅಂಗೈಯಲ್ಲಿ 230 ಗ್ರಾಮಿನಷ್ಟು ತೂಗಬೇಕು. ವೇಗಕ್ಕೂ ಇದೇ ನ್ಯಾಯ. ಗಂಟೆಗೆ 60 ಮೈಲಿ ಓಡುವ ಎಕ್ಸ್‌ಪ್ರೆಸ್ಸು ಮೇಜಿನ ಮೇಲೆ ಸೆಕೆಂಡಿಗೆ 35 ಸೆಂಟಿಮೀಟರು ಸರಿಯಬೇಕು. ಎಂಟು ಅಡಿಯ ಮೇಜನ್ನು ಅದು ಏಳು ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಗಂಟೆಗೆ 15 ಮೈಲಿಯ ಗೂಡ್ಸ್ ಗಾಡಿಯಾದರೆ ಅದೇ ಮೇಜಿಗೆ ಅರ್ಧ ನಿಮಿಷದ ಹತ್ತಿರ ತೆಗೆದುಕೊಳ್ಳುತ್ತದೆ. ಚಿಕ್ಕ ಮೇಜಿಗೆ ನಿಧಾನದ ಗಾಡಿಯೇ ಚೆನ್ನ ಎಂದು ಅನುಭವಸ್ಥರು ಹೇಳುವುದು ಈ ಲೆಕ್ಕದಿಂದ. ತಿರುವಿನ ವಿಷಯದಲ್ಲಿ ಮಾತ್ರ ಯಾರೂ ನ್ಯಾಯ ಪಾಲಿಸಲಾರರು. ಅಂಗಡಿಯಲ್ಲಿ ಸಿಗುವ ಬಾಗಿದ ಹಳಿಯ ತ್ರಿಜ್ಯ 438 ಮಿಲಿಮೀಟರು; ನಿಜದಲ್ಲಿ ಅದು 33 ಮೀಟರು. ಮುಖ್ಯ ಮಾರ್ಗದ ತಿರುವಿಗೆ ನೂರಾರು ಮೀಟರು ಬೇಕು. ಆದುದರಿಂದಲೇ ಜಾಣರು ಬಿಗಿ ತಿರುವನ್ನು ಗುಡ್ಡದ ಹಿಂದೆಯೋ ಸುರಂಗದೊಳಗೋ ಅಡಗಿಸುತ್ತಾರೆ.

ವಿದ್ಯುತ್ತಿನ ಮಾತು

ರೇಡಿಯೋ ಇಟ್ಟುಕೊಂಡಿರುವ ಮನೆಗಳಲ್ಲಿ ಅದರ ಹಿಂಬದಿಯ ಹಲಗೆ ಬಿಚ್ಚಿ ಇಣುಕಿ ನೋಡುವವರೊಬ್ಬರು ಇದ್ದೇ ಇರುತ್ತಾರೆ. ಅಂಥವರಿಗೆ ಈ ಭಾಗ ರುಚಿಸೀತು. ಮಾದರಿ ರೈಲಿನಲ್ಲಿ ಎರಡು ಕಂಬಿಗಳೇ ಎರಡು ತಂತಿಗಳು. ಒಂದು ಕಂಬಿಯಿಂದ ಚಕ್ರದ ಮೂಲಕ ಮೋಟಾರಿಗೆ ಹೋದ ವಿದ್ಯುತ್ತು ಇನ್ನೊಂದು ಬದಿಯ ಚಕ್ರದ ಮೂಲಕ ಎದುರು ಕಂಬಿಗೆ ಇಳಿಯುತ್ತದೆ. ಎರಡೂ ಚಕ್ರಗಳನ್ನು ಕೂಡಿಸುವ ಅಚ್ಚಿನಲ್ಲಿ ವಿದ್ಯುತ್ತು ಹರಿಯದಂತೆ ತಡೆ ಇರುತ್ತದೆ. ಪ್ರವಾಹ ಏಕಮುಖಿ, 12 ವೋಲ್ಟು, ಮುಟ್ಟಿದರೆ ಅಪಾಯವಿಲ್ಲ. ವೋಲ್ಟು ಏರಿಸಿದರೆ ವೇಗ ಏರುತ್ತದೆ, ಧನ ಋಣಗಳನ್ನು ಅದಲುಬದಲು ಮಾಡಿದರೆ ಎಂಜಿನ್ ಹಿಂದಕ್ಕೆ ಚಲಿಸುತ್ತದೆ. ಗೋಡೆಯ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು. ನಂಬಿಕೆಯ ತಯಾರಕರದ್ದನ್ನೇ ಕೊಳ್ಳತಕ್ಕದ್ದು.

ಹೊಸಬರನ್ನು ಕಾಡುವ ತೊಡಕು ಒಂದಿದೆ. ಹೋದ ರೈಲು ಸುತ್ತು ಹಾಕಿ ಅದೇ ಹಳಿಗೆ ಎದುರುಮುಖವಾಗಿ ಬರುವಂತೆ, ದಾರದ ಕುಣಿಕೆಯ ಹಾಗೆ ಹಳಿ ಹಾಕಿದರೆ, ಎಡಗಂಬಿ ಹೋಗಿ ಬಲಗಂಬಿಯನ್ನು ಮುಟ್ಟುತ್ತದೆ. ಒಡನೆಯೇ ಷಾರ್ಟ್ ಸರ್ಕ್ಯೂಟು. ಕುಣಿಕೆಯ ಎರಡೂ ತುದಿಗಳಲ್ಲಿ ಕಂಬಿಗಳನ್ನು ಕತ್ತರಿಸಿ, ಆ ಭಾಗಕ್ಕೆ ಬೇರೆಯೇ ಸ್ವಿಚ್ಚು ಕೊಡುವುದೊಂದೇ ಇದಕ್ಕೆ ಪರಿಹಾರ. ಇನ್ನೊಂದು ಶತ್ರು ಧೂಳು. ಕಂಬಿ ಕಪ್ಪಾದರೆ ಎಂಜಿನ್ ತಡವರಿಸಿ ನಿಲ್ಲುತ್ತದೆ. ರಬ್ಬರಿನಿಂದ ಉಜ್ಜಿದರೆ ಮತ್ತೆ ನಡೆಯುತ್ತದೆ. ನಮ್ಮ ಊರುಗಳ ಧೂಳಿಗೆ ವಾರಕ್ಕೊಮ್ಮೆ ಉಜ್ಜಬೇಕಾದೀತು.

ಈ ಹಳೆಯ ಪದ್ಧತಿಯಲ್ಲಿ ಒಂದು ಹಳಿಯ ಮೇಲೆ ಎರಡು ಎಂಜಿನ್ ಇದ್ದರೆ ಎರಡೂ ಒಟ್ಟಿಗೆ ಹೊರಡುತ್ತವೆ. ಅದಕ್ಕಾಗಿ ಹಳಿಯನ್ನು ತುಂಡುತುಂಡಾಗಿ ಬೇರ್ಪಡಿಸಿ ಸ್ವಿಚ್ಚುಗಳನ್ನು ಹಾಕುತ್ತಿದ್ದರು. 1990ರ ದಶಕದಿಂದ ಅಂಕೀಯ ಪದ್ಧತಿ ರೂಢಿಗೆ ಬಂದಿದೆ. ಇದರಲ್ಲಿ ಕಂಬಿಗಳಲ್ಲಿ ಸದಾ ವಿದ್ಯುತ್ತಿರುತ್ತದೆ. ಅದರ ಮೇಲೇರಿ ಅಪ್ಪಣೆಗಳೂ ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಪುಟ್ಟ ಚಿಪ್ಪು, ಅದಕ್ಕೊಂದು ನಂಬರು. ತನ್ನ ನಂಬರು ಕರೆದಾಗ ಮಾತ್ರ ಅದು ಓಗೊಡುತ್ತದೆ, ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ಅಮೆರಿಕದ ಎಂಐಟಿ ವಿದ್ಯಾಲಯದಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಸಂಘವೊಂದುಂಟು. ಅಲ್ಲಿ ಹಳಿಗಳ ಕೆಳಗಿನ ಸ್ವಿಚ್ಚುಗಳ ಜಾಲವನ್ನು ಹೆಣೆಯುತ್ತಿದ್ದ ಹುಡುಗರೇ ಮುಂದೆ ಆ ವಿದ್ಯಾಲಯದ ಮೊದಮೊದಲ ಕಂಪ್ಯೂಟರುಗಳ ಮುಂದೆ ಹಗಲಿರುಳು ಕುಳಿತರು. ಇಂದು ಎಲ್ಲರ ಬಾಯಲ್ಲಿರುವ ‘ಹ್ಯಾಕ್’ ಎಂಬ ಮಾತು ಕಂಪ್ಯೂಟರಿನ ಸಂಬಂಧದಲ್ಲಿ ಮೊದಲು ಬಳಕೆಗೆ ಬಂದುದು ಆ ಗುಂಪಿನಲ್ಲಿಯೇ.

ಒಂದು ಹಲಗೆಯ ಸ್ಟೇಷನ್

ಇಷ್ಟೆಲ್ಲ ಕೇಳಿ, ಇದಕ್ಕೆ ಅರಮನೆಯಂಥ ಮನೆ ಬೇಕೆಂದು ಯಾರೂ ಹೆದರಬೇಕಾಗಿಲ್ಲ. ಬ್ರಿಟನ್ನಿನ ಆಲನ್ ರೈಟ್ ಎಂಬವರು ರೂಪಿಸಿದ ‘ಇಂಗಲ್‌ನುಕ್’ ಎಂಬ ಯೋಜನೆಗೆ ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆಯೊಂದು ಸಾಕು. ಇಂಗಲ್‌ನುಕ್ ಎಂದರೆ ಒಲೆಯ ಮಗ್ಗುಲಿನ ಬೆಚ್ಚನೆಯ ಮೂಲೆ. ಹೆಸರೇ ಅದರ ಗಾತ್ರವನ್ನು ಹೇಳುತ್ತದೆ.

ಪ್ಲೈವುಡ್ ಹಲಗೆಯೊಂದರ ಅಡಿಗೆ ಸುತ್ತಲೂ ರೀಪರು ಪಟ್ಟಿ ಬಡಿಯಿರಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಅದು ಬಾಗುತ್ತದೆ. ಎಡಗಡೆಯಿಂದ ಒಂದು ಹಳಿ ಹೊರಡಲಿ. ಅದರಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ಹಿಡಿಯಬೇಕು. ಅದಕ್ಕಿಂತ ಹೆಚ್ಚು ಹಿಡಿಯಬಾರದು. ಮುಂದೆ ಒಂದು ಪಾಯಿಂಟು. ಅಲ್ಲಿಂದ ಒಂದು ಕವಲು ಉದ್ದನೆಯದು, ಐದು ವ್ಯಾಗನ್ನುಗಳಿಗೆ. ಇನ್ನೊಂದು ಕವಲಿನಲ್ಲಿ ಮತ್ತೊಂದು ಪಾಯಿಂಟು. ಅದರಿಂದ ಎರಡು ಗಿಡ್ಡ ಹಳಿಗಳು, ಒಂದೊಂದಕ್ಕೆ ಮೂರು ಮೂರು ವ್ಯಾಗನ್. ಇಷ್ಟೇ. ಎರಡು ಪಾಯಿಂಟು, ಒಂದು ಎಂಜಿನ್, ಎಂಟು ವ್ಯಾಗನ್.

ಈಗ ಆಟ ಹೀಗೆ. ಎಂಟು ವ್ಯಾಗನ್ನುಗಳ ಹೆಸರನ್ನು ಎಂಟು ಚೀಟಿಗಳಲ್ಲಿ ಬರೆದು ಕಲಸಿ, ಐದನ್ನು ಒಂದೊಂದಾಗಿ ಎತ್ತಿ. ಎತ್ತಿದ ಐದು ವ್ಯಾಗನ್ನುಗಳು ಎತ್ತಿದ ಕ್ರಮದಲ್ಲಿಯೇ ಉದ್ದನೆಯ ಹಳಿಯಲ್ಲಿ ನಿಲ್ಲಬೇಕು. ಕೈಯಿಂದ ಎತ್ತಿಡುವಂತಿಲ್ಲ, ಎಂಜಿನ್ನೇ ಎಳೆದು ತಳ್ಳಿ ಜೋಡಿಸಬೇಕು. ಸುಲಭವೆಂದು ತೋರುತ್ತದೆಯೆ? ಒಂದು ಗಿಡ್ಡ ಹಳಿಯಲ್ಲಿ ಬಾಯಿಂದ ಒಳಕ್ಕೆ ಸುಣ್ಣದ ವ್ಯಾಗನ್, ದನದ ವ್ಯಾಗನ್, ಕಲ್ಲಿದ್ದಲ ವ್ಯಾಗನ್ ನಿಂತಿವೆ ಎನ್ನಿ. ನಮಗೆ ಬೇಕಾದದ್ದು ನಡುವಿನ ದನದ ವ್ಯಾಗನ್. ಎಂಜಿನ್ ಒಳಹೋಗಿ ಮುಂದಿನ ಎರಡನ್ನು ಕಚ್ಚಿ ಹೊರಗೆಳೆಯಬೇಕು. ಈಗ ಎಂಜಿನ್ನಿಗೆ ದೂರದಲ್ಲಿರುವುದು ದನದ ವ್ಯಾಗನ್. ಪಾಯಿಂಟು ತಿರುಗಿಸಿ, ಉದ್ದನೆಯ ಹಳಿಗೆ ತಳ್ಳಿ, ಅದನ್ನು ಅಲ್ಲಿ ಕಳಚಿ, ಸುಣ್ಣದ ವ್ಯಾಗನ್ನನ್ನು ಹಿಂದಕ್ಕೆ ತಂದು ಸ್ವಸ್ಥಾನಕ್ಕೆ ಸೇರಿಸಬೇಕು. ಒಂದು ವ್ಯಾಗನ್ನಿಗೆ ಇಷ್ಟು ಓಡಾಟ. ಉದ್ದನೆಯ ಹಳಿಯಲ್ಲಿ ಬೇಡವಾದವು ಮೊದಲೇ ನಿಂತಿದ್ದರೆ ಓಡಾಟ ಇಮ್ಮಡಿಯಾಗುತ್ತದೆ. ಎಂಟರಲ್ಲಿ ಐದನ್ನು ಕ್ರಮವಾಗಿ ಎತ್ತುವ ಬಗೆಗಳು 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷಗಳಾದೀತು! ಚೌಕಾಬಾರ, ಅಳಿಗುಳಿಮನೆಗಳನ್ನು ಬಲ್ಲ ಮನೆಯವರಿಗೆ ಇದರ ಸೊಗಸನ್ನು ಬೇರೆ ಹೇಳಬೇಕಾಗಿಲ್ಲ.

ನಿಜವಾದ ಗೂಡ್ಸ್ ಅಂಗಳದಲ್ಲಿ ಷಂಟಿಂಗ್ ಮಾಡುತ್ತಿದ್ದವರು ಬಿಸಿಲಿನಲ್ಲಿ, ಮಳೆಯಲ್ಲಿ, ಕೈಯಲ್ಲಿ ಲಾಟೀನು ಹಿಡಿದು ಮಾಡುತ್ತಿದ್ದ ಲೆಕ್ಕವೂ ಇದೇ. ಒಂದು ಸಂಜೆ ಈ ಹಲಗೆಯ ಮುಂದೆ ಕುಳಿತವರಿಗೆ, ಹಿಂದೆಲ್ಲ ಮಿಶ್ರ ಗಾಡಿ ಸಣ್ಣ ಸ್ಟೇಷನ್ನಿನಲ್ಲಿ ಅಷ್ಟು ಹೊತ್ತು ನಿಂತಿರುತ್ತಿದ್ದುದು ಏಕೆಂಬುದು ತಿಳಿಯುತ್ತದೆ.

ಓಡುವ ಕಾರಣ

ಸುತ್ತುಹಳಿಯಲ್ಲಿ ಗಿರಗಿರನೆ ಸುತ್ತುವ ರೈಲು ಹತ್ತು ನಿಮಿಷಕ್ಕೆ ಬೇಸರ ತರುತ್ತದೆ. ಅದು ಎಲ್ಲಿಗೂ ಹೋಗುತ್ತಿಲ್ಲವಲ್ಲ! ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ಬಯಲಾಟ ನೋಡಿದವರಿಗೆ ಹೊಸತಲ್ಲ. ಬಯಲಾಟದಲ್ಲಿ ರಂಗಸ್ಥಳದ ಹಿಂದೆ ಚೌಕಿ ಇರುತ್ತದೆ. ಅಲ್ಲಿ ವೇಷಗಳು ಸಿದ್ಧವಾಗಿ ಕಾದಿದ್ದು, ತಮ್ಮ ಸರದಿ ಬಂದಾಗ ರಂಗಕ್ಕೆ ಬಂದು, ಕೆಲಸ ಮುಗಿಸಿ ಮತ್ತೆ ಚೌಕಿಗೆ ಸೇರುತ್ತವೆ. ಮಾದರಿ ರೈಲಿನಲ್ಲಿಯೂ ಹಾಗೆಯೇ. ಕಾಣುವ ಭಾಗದಲ್ಲಿ ಒಂದು ಸ್ಟೇಷನ್. ಹಲಗೆಯೊಂದರ ಮರೆಯಲ್ಲಿ ನಾಲ್ಕಾರು ಹಳಿಗಳ ಚೌಕಿ. ಅಲ್ಲಿಂದ ಹೊರಟ ಗಾಡಿ ದೂರದ ನಗರದಿಂದ ಬಂದ ಗಾಡಿ. ಅಲ್ಲಿಗೆ ಹೋದ ಗಾಡಿ ಲೋಕಾಂತರಕ್ಕೆ ಹೋದ ಗಾಡಿ. ನೋಡುವವನ ಮನಸ್ಸೇ ಉಳಿದ ನೂರು ಮೈಲಿ ಹಳಿಯನ್ನು ಹಾಕಿಕೊಳ್ಳುತ್ತದೆ.

ಈ ಕಲೆಯಲ್ಲಿ ದೊಡ್ಡ ಹೆಸರು ಪಾದ್ರಿ ಪೀಟರ್ ಡೆನ್ನಿಯವರದು. ಎರಡನೆಯ ಮಹಾಯುದ್ಧದ ತರುವಾಯ ಅವರು ಆರಂಭಿಸಿದ ‘ಬಕಿಂಗ್‌ಹ್ಯಾಮ್’ ಎಂಬ ರೈಲುದಾರಿ, 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಗ್ರೇಟ್ ಸೆಂಟ್ರಲ್ ಕಂಪನಿಯ ಒಂದು ಶಾಖಾಮಾರ್ಗ ಇದ್ದಿದ್ದರೆ ಹೇಗಿರುತ್ತಿತ್ತು ಎಂಬ ಕಲ್ಪನೆ. ಎಂಜಿನ್, ಗಾಡಿ, ಹಳಿಗಳನ್ನು ಅವರು ಕೈಯಾರೆ ಮಾಡಿಕೊಂಡರು. ಹೆಚ್ಚಿನದೆಂದರೆ ಅದನ್ನು ವೇಳಾಪಟ್ಟಿಯಂತೆ, ಗಂಟೆಯ ಸಂಕೇತಗಳಿಂದ ನಡೆಸಿದರು. ಬ್ರಿಟನ್ನಿನ ರೈಲ್ವೆಯಲ್ಲಿ ಒಂದು ಸಿಗ್ನಲ್ ಕೋಣೆಯವನು ಮುಂದಿನ ಕೋಣೆಗೆ ಗಂಟೆ ಬಾರಿಸಿ ತಿಳಿಸುತ್ತಿದ್ದ: ಒಂದು ಬಡಿತ ‘ಗಮನವಿಡು’, ನಾಲ್ಕು ಬಡಿತ ‘ಎಕ್ಸ್‌ಪ್ರೆಸ್ ಬಿಡಲೇ?’, ಎರಡು ಬಡಿತ ‘ಗಾಡಿ ಹೊರಟಿತು’, ಎರಡು ಬಿಟ್ಟು ಒಂದು ‘ಗಾಡಿ ತಲುಪಿತು’. ಎದುರಿನವನು ಅದನ್ನೇ ಮರುಬಾರಿಸದೆ ಗಾಡಿ ಕದಲುವಂತಿಲ್ಲ. ಡೆನ್ನಿಯವರ ಮಗ ಕ್ರಿಸ್ಪಿನ್ ಇನ್ನೊಂದು ತುದಿಯಲ್ಲಿ ಕುಳಿತು ಜತೆಗೂಡುತ್ತಿದ್ದ. ಅವನಿಲ್ಲದಾಗ ಆ ತುದಿಯ ಕೆಲಸ ನೋಡಿಕೊಳ್ಳಲು ತಂದೆ ಒಂದು ಯಂತ್ರವನ್ನು ಮಾಡಿ, ಅದಕ್ಕೆ ‘ಸ್ವಯಂಚಾಲಿತ ಕ್ರಿಸ್ಪಿನ್’ ಎಂದೇ ಹೆಸರಿಟ್ಟರು.

ನಮ್ಮಲ್ಲಿ ಒಂಟಿ ಮಾರ್ಗದ ಸ್ಟೇಷನ್ನುಗಳಲ್ಲಿ ಡ್ರೈವರನ ಕೈಗೆ ಬೆತ್ತದ ಬಳೆಯಲ್ಲಿಟ್ಟ ಟೋಕನ್ ಕೊಡುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಅದು ಕೈಯಲ್ಲಿಲ್ಲದೆ ಗಾಡಿ ಮುಂದೆ ಹೋಗಕೂಡದು. ಆದ್ದರಿಂದ ಎರಡು ಗಾಡಿಗಳು ಎದುರಾಗಲಾರವು. ಮನೆಯಲ್ಲಿ ಇಬ್ಬರು ಮಕ್ಕಳು ಎರಡು ತುದಿಗಳಲ್ಲಿ ಕುಳಿತು, ಒಂದು ಬಳೆಯನ್ನು ಕೈಬದಲಿಸುತ್ತ ಗಾಡಿ ಬಿಟ್ಟರೆ, ಕೇಳದೆ ಹೊರಡಬಾರದು, ಕೇಳಿದವನಿಗೆ ಉತ್ತರ ಕೊಡಬೇಕು ಎಂಬ ಎರಡು ಪಾಠಗಳನ್ನು ಬೆತ್ತವಿಲ್ಲದೆಯೇ ಕಲಿಯುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವನಾಗಿ ಇದನ್ನು ಹೇಳುತ್ತಿದ್ದೇನೆ.

ಉಳಿಯುವುದೇನು?

ಇಷ್ಟು ಶ್ರಮಪಟ್ಟು ಕಟ್ಟಿದ್ದು ಕಟ್ಟಿದವನ ತರುವಾಯ ಏನಾಗುತ್ತದೆ? ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಎಂಬವನು ಮನೆಯ ನೆಲಮಾಳಿಗೆಯಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದು, ನೆಲದಿಂದ ಸೂರಿನವರೆಗೆ ಬೆಟ್ಟಗಳೇಳುವ ರೈಲುದಾರಿಯನ್ನು ನಿರ್ಮಿಸಿದ್ದ. ಅದರ ಹೆಸರು ‘ಗೋರಿ ಅಂಡ್ ಡಿಫೀಟೆಡ್’; ನೆತ್ತರು ಹರಿದು ಸೋತದ್ದು ಎಂದು ಅದರ ಚೇಷ್ಟೆಯ ಅರ್ಥ. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡ. ಹತ್ತು ದಿನ ಕಳೆಯುವಷ್ಟರಲ್ಲಿ ಬೆಂಕಿ ಬಿದ್ದು ಎಲ್ಲವೂ ಹಾಳಾಯಿತು. ಅವನು ತೆಗೆದ ಛಾಯಾಚಿತ್ರಗಳು ಉಳಿದುವು. ಅವುಗಳಿಂದಲೇ ಅನೇಕರು ಕಲಿತರು.

ಇನ್ನೊಬ್ಬ ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡ್, ಹುಟ್ಟಿದ ನಾಡು ಆಸ್ಟ್ರೇಲಿಯಾ. 1925ರಲ್ಲಿ ಬ್ರಿಟನ್ನಿಗೆ ಬಂದ ಈ ತರುಣ, ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ಮಾಯವಾಗುವುದನ್ನು ಕಂಡು ಮರುಗಿದ. ಅವನ್ನು ನಿಲ್ಲಿಸುವ ಬಲ ಅವನಿಗಿರಲಿಲ್ಲ. ಅಳೆದು ಬರೆದುಕೊಂಡು 76ರಲ್ಲಿ ಒಂದು ಪಾಲಿನಲ್ಲಿ ಕಟ್ಟುವ ಬಲವಿತ್ತು. ಅವನು ತನ್ನೊಬ್ಬನಿಗೇ ಇಟ್ಟುಕೊಳ್ಳದೆ, 1954ರಲ್ಲಿ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟೆನ್‌ಹ್ಯಾಮ್ ಗ್ರಾಮದಲ್ಲಿ ಪೆಂಡನ್ ಸಂಗ್ರಹಾಲಯವನ್ನು ಆರಂಭಿಸಿದ. ಅವನ ಕಾಲ ಮುಗಿದ ಮೇಲೂ ಸ್ವಯಂಸೇವಕರು ಮನೆಯ ಮೇಲೆ ಮನೆ ಕಟ್ಟುತ್ತ ಬಂದಿದ್ದಾರೆ. ಮನೆ, ಹೊಲ, ಬೀದಿ, ರೈಲು ಎಲ್ಲವೂ ಕೂಡಿ ಒಂದು ನಾಡಾಗಿ ಕಾಣುವಂತೆ ಮೊದಮೊದಲಿಗೆ ಮಾಡಿದ ಜಾನ್ ಅಹರ್ನ್‌ರ ‘ಮ್ಯಾಡರ್ ವ್ಯಾಲಿ’ಯೂ ಅಲ್ಲಿಯೇ ಆಶ್ರಯ ಪಡೆದಿದೆ. ಇಬ್ಬರ ಶ್ರಮವೂ ಸಮ. ಹತ್ತು ಮಂದಿಯ ಕೈಗೆ ಒಪ್ಪಿಸಿದ್ದು ಉಳಿಯಿತು.

ಗಾತ್ರವನ್ನು ನೋಡಬೇಕೆನ್ನುವವರಿಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ‘ಮಿನಿಯಾಟುರ್ ವುಂಡರ್‌ಲಾಂಡ್’ ಇದೆ. ಅಲ್ಲಿ ಹಳಿಯೇ 15 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಹೋಗಲಾರದವರಿಗೆ ಪುಣೆಯ ಕೊತ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರು ರೈಲು ಸಂಗ್ರಹಾಲಯವಿದೆ.

ನಮ್ಮ ನಾಡಿನ ಮಾತಿಗೆ ಬರೋಣ. ಮೈಸೂರು ಸಂಸ್ಥಾನದ ರೈಲುದಾರಿಗಳು ಬಹುಪಾಲು ಮೀಟರ್ ಗೇಜಿನವು. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಿಂದ ಅವು ಬ್ರಾಡ್ ಗೇಜಾದುವು. ಪ್ರಯಾಣಕ್ಕೆ ಅನುಕೂಲವಾಯಿತೆಂಬುದು ನಿರ್ವಿವಾದ. ಆದರೆ ಹಳೆಯ ಹೆಂಚಿನ ಸ್ಟೇಷನ್ನುಗಳು, ನೀರಿನ ತೊಟ್ಟಿಗಳು, ಕೈಮರಗಳು ಎಷ್ಟೋ ಕಡೆ ಅದರೊಂದಿಗೇ ಹೋದುವು. 1979ರಲ್ಲಿ ತೆರೆದ ಮೈಸೂರಿನ ರೈಲ್ವೆ ಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಗಾಡಿಯನ್ನೂ ಹಳೆಯ ಎಂಜಿನ್ನುಗಳನ್ನೂ ಕಾಣಬಹುದು. ಒಂದು ಸ್ಟೇಷನ್ನಿನ ಇಡೀ ಬದುಕನ್ನು, ಗಾಡಿ ಬರುವ ಹೊತ್ತಿನ ಸಡಗರವನ್ನು ಅಲ್ಲಿ ಕಾಣಲಾಗದು. ಅದನ್ನು ತೋರಿಸಬಲ್ಲದ್ದು ಮಾದರಿಯೊಂದೇ.

ಲೆಕ್ಕವೂ ನಮಗೆ ಅನುಕೂಲವಾಗಿದೆ. ನಮ್ಮ ಬ್ರಾಡ್ ಗೇಜು 5 ಅಡಿ 6 ಅಂಗುಲ. ಅಡಿಗೆ 4 ಮಿಲಿಮೀಟರಿನಂತೆ 22 ಮಿಲಿಮೀಟರಾಗುತ್ತದೆ. ಅಂಗಡಿಯ ಸಾಮಾನ್ಯ ಹಳಿ ಅದಕ್ಕೆ ಕಿರಿದು, ಕೈಯಾರೆ ಹಾಕಿಕೊಳ್ಳಬೇಕು. ಮೀಟರ್ ಗೇಜಾದರೋ 87ರಲ್ಲಿ ಒಂದು ಪಾಲಿಗೆ ಹನ್ನೊಂದೂವರೆ ಮಿಲಿಮೀಟರು. ಸ್ವಿಟ್ಸರ್‌ಲೆಂಡಿನ ಬೆಟ್ಟದ ಮೀಟರ್ ಗೇಜ್ ರೈಲುಗಳಿಗಾಗಿ 12 ಮಿಲಿಮೀಟರಿನ ಹಳಿಯನ್ನು ಮಾಡಿ ಮಾರುತ್ತಾರೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯಲಾರದು.

ಹಳಿ, ಎಂಜಿನ್ನುಗಳಿಗೆ ಹಣ ಬೇಕು, ಅದನ್ನು ಮುಚ್ಚಿಡಲಾಗದು. ಅಳೆಯುವುದಕ್ಕೆ ಹಣ ಬೇಕಿಲ್ಲ. ನಿಮ್ಮ ಊರಿನಲ್ಲಿ ಹಳೆಯ ಸ್ಟೇಷನ್ ಕಟ್ಟಡ ಇನ್ನೂ ನಿಂತಿದ್ದರೆ, ಅಪ್ಪಣೆ ಪಡೆದು, ಟೇಪು ಹಿಡಿದು, ಬಾಗಿಲು ಎಷ್ಟು ಅಗಲ, ಗೋಡೆ ಎಷ್ಟು ಎತ್ತರ, ಸೂರಿಗೆ ಎಷ್ಟು ಸಾಲು ಹೆಂಚು ಎಂದು ಬರೆದಿಡಿ. ನಾಲ್ಕು ಕಡೆಗಳಿಂದ ಚಿತ್ರ ತೆಗೆಯಿರಿ. ಅಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರೋ ಗ್ಯಾಂಗಿನಲ್ಲಿ ದುಡಿದವರೋ ಊರಿನಲ್ಲಿದ್ದರೆ, ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತಿತ್ತು, ಯಾವ ಹಳಿಗೆ ಬೆಲ್ಲದ ವ್ಯಾಗನ್ ಹಚ್ಚುತ್ತಿದ್ದರು ಎಂದು ಕೇಳಿಕೊಳ್ಳಿ. ರಟ್ಟು, ಅಂಟು, ಬಣ್ಣಗಳಿಂದ ಕಟ್ಟಡವನ್ನು ಮೊದಲು ಮಾಡಿ. ಹಳಿ ಮುಂದಿನ ವರ್ಷ ಬರಲಿ, ಎಂಜಿನ್ ಅದರಾಚೆಯ ವರ್ಷ ಬರಲಿ. ರೈಲು ತಡವಾಗಿ ಬರುವುದು ನಮಗೆ ಅಭ್ಯಾಸವಿದೆ. ಅದು ಬರುವ ಹೊತ್ತಿಗೆ ಸ್ಟೇಷನ್ ಇದ್ದರಾಯಿತು.